ಅರ್ಧಕ್ಕೆ ಬಿಟ್ಟ ವಾಕ್ಯ

ನನ್ನ ಕಾದಂಬರಿ 38,000 ಪದಗಳ ಹತ್ತಿರ ಬಂದು ನಿಂತುಬಿಟ್ಟಿತ್ತು. ಕೆಲಸ ಮುಗಿಸಿ ಬಂದು ರಾತ್ರಿ ಅರ್ಧ ಗಂಟೆ ಬರೆದರೆ ಅದೇ ಜಾಸ್ತಿ. ಅದರಲ್ಲೂ ಹತ್ತು ನಿಮಿಷ, ನಿನ್ನೆ ಎಲ್ಲಿಗೆ ಬಿಟ್ಟಿದ್ದೆ ಅಂತ ಹುಡುಕುವುದಕ್ಕೇ ಹೋಗುತ್ತಿತ್ತು. ಹಾಗಾಗಿ ರಜೆ ಹಾಕಿ ಹತ್ತು ದಿನಗಳ ಬರವಣಿಗೆ ಶಿಬಿರಕ್ಕೆ ಹೋದೆ. ಪಾಠ ಇಲ್ಲ, ಭಾಷಣ ಇಲ್ಲ. ಆರು ಜನ, ಆರು ಕೋಣೆ, ಪ್ರತಿ ಕೋಣೆಗೊಂದು ಮೇಜು. ಬರೆಯುವುದೊಂದೇ ಕೆಲಸ.

ಮೊದಲ ದಿನ ಬೆಳಿಗ್ಗೆ ಆರಕ್ಕೆ ಕೂತವಳು ಮಲಗಿದ್ದು ಮಧ್ಯರಾತ್ರಿ ದಾಟಿದ ಮೇಲೆ. 3,400 ಪದ ಆಗಿತ್ತು. ಖುಷಿಯಲ್ಲಿ ನಿದ್ದೆಯೇ ಹತ್ತಲಿಲ್ಲ. ಎರಡನೇ ದಿನ 1,100. ಮೂರನೇ ದಿನ ಮಧ್ಯಾಹ್ನದವರೆಗೆ ನಾಲ್ಕು ಸಾಲು ಬರೆದೆ, ಅದನ್ನೂ ಅಳಿಸಿದೆ.

ಆವತ್ತು ನಿಜಕ್ಕೂ ಭಯ ಆಯಿತು. ಮನೆಯಲ್ಲಿದ್ದಾಗ ಟೈಮ್ ಇಲ್ಲ ಅಂತ ಹೇಳಿಕೊಳ್ಳಬಹುದಿತ್ತು. ಇಲ್ಲಿ ಬೇಕಾದಷ್ಟು ಟೈಮ್ ಇತ್ತು, ಬರೆಯುವುದಕ್ಕೆ ಮಾತ್ರ ಏನೂ ಇರಲಿಲ್ಲ. ಸಂಜೆ ಮೊದಲ ದಿನದ ಹಾಳೆಗಳನ್ನು ತೆಗೆದು ಓದಿದೆ. ರಾತ್ರಿ ಒಂಬತ್ತರ ನಂತರ ಬರೆದ ಭಾಗದಲ್ಲಿ ಪಾತ್ರಗಳು ಬದುಕುವುದನ್ನು ಬಿಟ್ಟು ವಿವರಣೆ ಕೊಡುತ್ತಾ ಕೂತಿದ್ದವು. ಸುಮಾರು 1,200 ಪದ ತೆಗೆದುಹಾಕಬೇಕಾಯಿತು. ಆದರೆ ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ನನಗೆ ಗೊತ್ತಿದ್ದದ್ದನ್ನೆಲ್ಲ ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿಬಿಟ್ಟಿದ್ದೆ. ದೃಶ್ಯ ಮುಗಿದಿತ್ತು, ಅಧ್ಯಾಯವೂ ಮುಗಿದಿತ್ತು. ಬೆಳಿಗ್ಗೆ ಎದ್ದು ಹಿಡಿದುಕೊಳ್ಳುವುದಕ್ಕೆ ಒಂದು ಎಳೆಯೂ ಉಳಿದಿರಲಿಲ್ಲ.

ಮುಂದೆ ಏನಾಗುತ್ತದೆ ಅಂತ ಗೊತ್ತಿರುವಾಗಲೇ ಆ ದಿನದ ಬರವಣಿಗೆ ನಿಲ್ಲಿಸಬೇಕು ಅಂತ ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಹೇಳುತ್ತಿದ್ದರು. ಈ ಮಾತನ್ನು ಎಷ್ಟೋ ಸಲ ಕೇಳಿದ್ದೆ, ಮಾಡಿ ನೋಡಿರಲಿಲ್ಲ. ನಾಲ್ಕನೇ ದಿನದಿಂದ ಶುರು ಮಾಡಿದೆ. ಸಂಜೆ ಐದಕ್ಕೆ, ಒಳ್ಳೆ ಓಟದಲ್ಲಿದ್ದರೂ ಸರಿ, ವಾಕ್ಯದ ಮಧ್ಯದಲ್ಲೇ ನಿಲ್ಲಿಸುತ್ತಿದ್ದೆ. ‘ಅವಳು ಬಾಗಿಲು ತೆಗೆದಳು, ಹೊರಗೆ ನಿಂತಿದ್ದದ್ದು’, ಅಷ್ಟೇ. ಯಾರು ನಿಂತಿದ್ದಾರೆ ಅಂತ ನನಗೆ ಗೊತ್ತು, ಹಾಳೆಗೆ ಮಾತ್ರ ಇನ್ನೂ ಗೊತ್ತಿಲ್ಲ. ಅದರ ಕೆಳಗೆ ಮೂರು ಸಾಲಿನ ಟಿಪ್ಪಣಿ ಬರೆದಿಡುತ್ತಿದ್ದೆ: ಈ ಜಾಗದಲ್ಲಿ ಯಾರಿದ್ದಾರೆ, ಅವರಿಗೆ ಏನು ಬೇಕು, ಮುಂದಿನ ಮಾತು ಯಾರದ್ದು.

ಹಾಗೆ ಬಿಟ್ಟು ಏಳುವುದು ಸುಲಭ ಅಲ್ಲ. ಮೊದಲ ಎರಡು ಸಂಜೆ ಕೈ ತಡೆಯುತ್ತಲೇ ಇರಲಿಲ್ಲ. ಆದರೆ ಬೆಳಿಗ್ಗೆ ಮೇಜಿನ ಮುಂದೆ ಕೂತರೆ ಐದು ನಿಮಿಷದೊಳಗೆ ಕಥೆಯ ಒಳಗಿರುತ್ತಿದ್ದೆ. ಅದನ್ನು ಕಂಡ ಮೇಲೆ ಮತ್ತೆ ರಾತ್ರಿ ಬರೆಯುವ ಆಸೆ ಆಗಲಿಲ್ಲ.

2009ರಲ್ಲಿ ಸೋಫಿ ಲೆರಾಯ್ ಎಂಬ ಸಂಶೋಧಕಿ ಇದಕ್ಕೆ ಹತ್ತಿರದ ಒಂದು ವಿಷಯವನ್ನು ತೋರಿಸಿದ್ದರು. ಒಂದು ಕೆಲಸ ಮುಗಿಸದೆ ಇನ್ನೊಂದಕ್ಕೆ ಹೋದರೆ, ಗಮನದ ಒಂದು ಪಾಲು ಹಿಂದಿನ ಕೆಲಸಕ್ಕೇ ಅಂಟಿಕೊಂಡಿರುತ್ತದೆ, ಹೊಸ ಕೆಲಸ ಕೆಡುತ್ತದೆ. ನನಗೆ ಇದರ ಎರಡೂ ಮುಖ ಕಂಡಿತು. ಸಂಜೆ ಐದರ ನಂತರ ತಲೆಗೆ ಬೇರೆ ಭಾರ ಕೊಡದೆ ನಡೆಯುವುದಕ್ಕೆ ಹೋದರೆ, ಆ ಅಂಟೇ ಒಳಗೊಳಗೆ ಕಥೆಯನ್ನು ಬೆಳೆಸುತ್ತಿತ್ತು. ಬೆಳಿಗ್ಗೆ ಬರೆಯುವಾಗ ನಡುವೆ ಎದ್ದು ಬೇರೇನೋ ನೋಡಿದರೆ, ಅದೇ ಅಂಟು ನನ್ನ ಅರ್ಧ ಗಂಟೆಯನ್ನು ತಿಂದು ಹಾಕುತ್ತಿತ್ತು.

‘ಬೇರೇನೋ’ ಅಂದರೆ ನನ್ನ ವಿಷಯದಲ್ಲಿ ಫೋನ್‌ಗಿಂತ ಜಾಸ್ತಿ ಹುಡುಕಾಟ. ರೈಲು ಎಷ್ಟು ಗಂಟೆಗೆ ಹೊರಡುತ್ತದೆ, ಆ ಕಾಲದಲ್ಲಿ ಆ ಔಷಧಿ ಸಿಗುತ್ತಿತ್ತಾ, ಹೀಗೆ. ಬರವಣಿಗೆಗೆ ಬೇಕಾದದ್ದೇ ಅಲ್ವಾ ಅಂತ ಶುರುವಾಗುತ್ತದೆ. ಒಂದು ಗಂಟೆ ಹೇಗೆ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಹಾಗಾಗಿ ಗೊತ್ತಿಲ್ಲದ ಕಡೆ ಎರಡು ಗುಣಿಸು ಚಿಹ್ನೆ ಹಾಕಿ ಮುಂದೆ ಹೋಗುವುದು ಅಂತ ಮಾಡಿಕೊಂಡೆ. ‘ರೈಲು ×× ಗಂಟೆಗೆ ಹೊರಟಿತು.’ ಹತ್ತು ದಿನ ಮುಗಿಯುವಷ್ಟರಲ್ಲಿ ಅಂಥವು 61 ಆಗಿದ್ದವು. ಒಂಬತ್ತನೇ ಸಂಜೆ ಎರಡು ಗಂಟೆ ಕೂತು ಮುಕ್ಕಾಲು ಪಾಲು ತುಂಬಿಸಿದೆ. ಹನ್ನೊಂದು ಕಡೆ ಆ ವಿವರವೇ ಬೇಕಾಗಿಲ್ಲ ಅಂತ ಆಗ ಗೊತ್ತಾಯಿತು. ಬರೆಯುವಾಗಲೇ ಹುಡುಕಲು ಹೋಗಿದ್ದರೆ ಅವನ್ನೆಲ್ಲ ಕಥೆಯಲ್ಲಿ ತುರುಕಿರುತ್ತಿದ್ದೆ.

ಫೋನ್ ಆಫ್ ಮಾಡಿ ಬ್ಯಾಗಿನ ತಳಕ್ಕೆ ಹಾಕಿದ್ದೆ. ರಾತ್ರಿ ಏಳಕ್ಕೆ ಮನೆಗೆ ಮಾತಾಡುವುದು, ತುರ್ತು ಇದ್ದರೆ ಶಿಬಿರದ ನಂಬರಿಗೆ ಕರೆ ಮಾಡುವುದು ಅಂತ ಹೊರಡುವ ಮೊದಲೇ ಮನೆಯವರಿಗೆ ಹೇಳಿದ್ದೆ. ಇದರಿಂದ ಅವರಿಗೂ ನೆಮ್ಮದಿ, ನನಗೂ.

ಟೈಮರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಫ್ರಾನ್ಸೆಸ್ಕೊ ಚಿರಿಲ್ಲೊ ರೂಢಿಗೆ ತಂದ ಪೊಮೊಡೊರೊ ಕ್ರಮದಲ್ಲಿ 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಹೊಸದಾಗಿ ಬರೆಯುವಾಗ ನನಗೆ ಅದು ಒಗ್ಗಲಿಲ್ಲ. ದೃಶ್ಯ ಕಣ್ಣಿಗೆ ಕಟ್ಟುವ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು. ಬೆಳಿಗ್ಗೆ ತೊಂಬತ್ತು ನಿಮಿಷದ ಎರಡು ಸುತ್ತು ಇಟ್ಟುಕೊಂಡೆ. ಊಟದ ನಂತರ ತೂಕಡಿಕೆ ಬರುವ ಹೊತ್ತಿನಲ್ಲಿ ಹಳೆಯದನ್ನು ತಿದ್ದುವುದಕ್ಕೆ ಮಾತ್ರ 25 ನಿಮಿಷದ ಟೈಮರ್ ಇಟ್ಟೆ. ತಿದ್ದುವ ಕೆಲಸಕ್ಕೆ ಅದು ಚೆನ್ನಾಗಿ ಹೊಂದಿತು. ಮೂರರ ಮೇಲೆ ಐದರವರೆಗೆ ಮತ್ತೆ ಹೊಸ ಬರವಣಿಗೆ.

ಇನ್ನೊಂದು ವಿಷಯ, ಜೊತೆಗಿದ್ದವರು. ಎಲ್ಲರೂ ಒಳ್ಳೆಯವರು, ಮಾತೂ ಚೆಂದ. ಆದರೆ ಮಧ್ಯಾಹ್ನ ಒಟ್ಟಿಗೆ ಊಟಕ್ಕೆ ಕೂತರೆ ಬೇರೊಬ್ಬರ ಕಥೆ ತಲೆಗೆ ಹೊಕ್ಕು, ನನ್ನದು ಮಸುಕಾಗುತ್ತಿತ್ತು. ಅಮೆರಿಕದಲ್ಲಿ 1907ರಲ್ಲಿ ಶುರುವಾದ ಮ್ಯಾಕ್‌ಡೊವೆಲ್ ಎಂಬ ಕಲಾವಿದರ ತಾಣದಲ್ಲಿ, ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿ ತಂದು ಬಾಗಿಲ ಹೊರಗೆ ಇಟ್ಟು ಹೋಗುವ ಪದ್ಧತಿ ಇದೆ. ಅದು ನೆನಪಾಗಿ ನಾನೂ ಹಾಗೇ ಕೇಳಿಕೊಂಡೆ. ರಾತ್ರಿ ಊಟ ಮಾತ್ರ ಎಲ್ಲರ ಜೊತೆ. ದಿನವಿಡೀ ಒಬ್ಬಳೇ ಇದ್ದ ಮೇಲೆ ಆ ಮಾತುಕತೆ ನನಗೆ ತುಂಬಾ ಬೇಕಿತ್ತು. ಕರಡನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಹಸಿ ಬರಹಕ್ಕೆ ಯಾರಾದರೂ ‘ಚೆನ್ನಾಗಿದೆ’ ಅಂದರೂ ಕಷ್ಟ, ‘ಯಾಕೋ ಸರಿ ಇಲ್ಲ’ ಅಂದರೂ ಕಷ್ಟ.

ಏಳನೇ ದಿನ ತಲೆನೋವು. 400 ಪದಕ್ಕೆ ಬಿಟ್ಟು ಮಲಗಿದೆ. ಎಂಟನೇ ದಿನ ಅದನ್ನು ಸರಿದೂಗಿಸಲು ಹೋಗಲಿಲ್ಲ, ಎಂದಿನಂತೆ ಸಂಜೆ ಐದಕ್ಕೇ ಮೇಜು ಬಿಟ್ಟು ಎದ್ದೆ. ಹತ್ತನೇ ದಿನ ಲೆಕ್ಕ ಹಾಕಿದಾಗ, ತೆಗೆದುಹಾಕಿದ್ದು ಬಿಟ್ಟು 14,000 ಪದಗಳ ಹತ್ತಿರ ಆಗಿತ್ತು.

ಕೊನೆಯ ಸಂಜೆ ಅಧ್ಯಾಯ ಮುಗಿಸಿ ಹೊರಡುವ ಆಸೆ ಬಹಳ ಇತ್ತು. ಇನ್ನೊಂದು ಪುಟ ಸಾಕಿತ್ತು. ಆದರೂ ವಾಕ್ಯದ ಮಧ್ಯದಲ್ಲಿ ಬಿಟ್ಟು ಬ್ಯಾಗ್ ಕಟ್ಟಿದೆ. ಮನೆಗೆ ಬಂದ ಮೇಲೆ ಮೊದಲ ಸೋಮವಾರ ರಾತ್ರಿ, ಕೆಲಸ ಮುಗಿಸಿ, ಅದೇ ಹಳೆಯ ಅರ್ಧ ಗಂಟೆಗೆ ಕೂತೆ. ಎಲ್ಲಿಗೆ ಬಿಟ್ಟಿದ್ದೆ ಅಂತ ಹುಡುಕಬೇಕಾಗಲಿಲ್ಲ. ವಾಕ್ಯದ ಉಳಿದರ್ಧ ಬರೆದೆ.