ದನಿ ಇಲ್ಲದ ವಿಡಿಯೊ, ಉದ್ದ ಹೆಸರಿನ ಫೈಲು

ಮನೆಯಲ್ಲೇ ಒಂದು ಸ್ಟೂಲ್ ಮಾಡೋಣ ಅಂತ ಯೂಟ್ಯೂಬಿನಲ್ಲಿ ಮರಗೆಲಸದ ವಿಡಿಯೊ ನೋಡುತ್ತಿದ್ದೆ. ಕಾಲಿಗೂ ಅಡ್ಡಪಟ್ಟಿಗೂ ಕೂಡುವ ಜಾಗದಲ್ಲಿ ಉಳಿ ಹೇಗೆ ಹಿಡಿಯಬೇಕು ಅನ್ನುವುದನ್ನು ತೋರಿಸುವ ಹನ್ನೆರಡು ನಿಮಿಷದ ವಿಡಿಯೊ. ಶನಿವಾರ ಅರ್ಧ ನೋಡಿ ಮಲಗಿದೆ. ಭಾನುವಾರ ಉಳಿ, ಸುತ್ತಿಗೆ ಎಲ್ಲ ಹರಡಿಕೊಂಡು ಕೂತು ಲಿಂಕ್ ಒತ್ತಿದರೆ ವಿಡಿಯೊನೇ ಇಲ್ಲ. ಹಾಕಿದವರೇ ತೆಗೆದುಬಿಟ್ಟಿದ್ದರು. ಅವರ ವಿಡಿಯೊ, ಅವರ ಇಷ್ಟ. ಆದರೆ ಬೇಕಾದದ್ದನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಕು ಅಂತ ನನಗೆ ತೋಚಿದ್ದು ಅವತ್ತೇ.

ಮೊದಲು ಒಂದು ಮಾತು. ಯೂಟ್ಯೂಬಿನ ನಿಯಮದ ಪ್ರಕಾರ ವಿಡಿಯೊ ಇಳಿಸಿಕೊಳ್ಳಬೇಕಾದರೆ ಯೂಟ್ಯೂಬಿನವರೇ ಡೌನ್‌ಲೋಡ್ ಬಟನ್ ಕೊಟ್ಟಿರಬೇಕು, ಇಲ್ಲವೇ ಯೂಟ್ಯೂಬಿನವರ ಮತ್ತು ವಿಡಿಯೊ ಮಾಡಿದವರ ಅನುಮತಿ ಇರಬೇಕು. ದುಡ್ಡು ಕಟ್ಟುವ ಪ್ರೀಮಿಯಂ ತಗೊಂಡು ಇಳಿಸಿಕೊಂಡರೂ ಅದು ಯೂಟ್ಯೂಬಿನ ಒಳಗೇ ಓಡುತ್ತದೆ, ಬೇರೆ ಫೈಲಾಗಿ ಕೈಗೆ ಸಿಗುವುದಿಲ್ಲ. ಮಾಡಿದವರ ಒಪ್ಪಿಗೆಯಾದರೂ ಇರಲಿ ಅಂತ ನಾನು ಇನ್ನೊಂದು ಮರಗೆಲಸದ ಚಾನೆಲ್‌ನವರಿಗೆ ಮೇಲ್ ಹಾಕಿ ಕೇಳಿದೆ. ‘ನಿಮ್ಮ ಕಲಿಕೆಗೆ ಇಟ್ಟುಕೊಳ್ಳಿ, ಮತ್ತೆ ಎಲ್ಲೂ ಹಾಕಬೇಡಿ’ ಅಂದರು. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆ ನೆಟ್ಟಿನಲ್ಲಿ ಪುಕ್ಕಟೆ ಹಾಕಿರುವ ಓಪನ್‌ಕೋರ್ಸ್‌ವೇರ್ ಪಾಠಗಳ ತರಹ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ, ಅಂದರೆ ಕೆಲವು ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಿ ಅಂತ ಮೊದಲೇ ಬಿಟ್ಟುಕೊಟ್ಟದ್ದಾದರೆ, ಮಾಡಿದವರನ್ನು ಹೀಗೆ ಕೇಳುವ ಕೆಲಸ ಇಲ್ಲ.

ಶುರುವಿನಲ್ಲಿ ಎಲ್ಲರಂತೆ ನಾನೂ ಲಿಂಕ್ ಅಂಟಿಸುವ ವೆಬ್‌ಸೈಟುಗಳಿಗೇ ಹೋದೆ. ಒಂದೇ ಪುಟದಲ್ಲಿ ಮೂರು ಹಸಿರು ಬಟನ್, ಮೂರರಲ್ಲೂ ಡೌನ್‌ಲೋಡ್ ಅಂತಲೇ ಇತ್ತು. ತಪ್ಪು ಬಟನ್ ಒತ್ತಿ, ಬ್ರೌಸರಿಗೆ ಸೇರಿಕೊಂಡ ಕಸ ತೆಗೆಯೋಕೆ ಒಂದು ಸಂಜೆ ಹೋಯಿತು. ಆಮೇಲೆ ವೈಟಿ-ಡಿಎಲ್‌ಪಿ ಅನ್ನುವ, ವಿಡಿಯೊ ಇಳಿಸುವ ತಂತ್ರಾಂಶ ಹಾಕಿಕೊಂಡೆ. ಇದು ಯೂಟ್ಯೂಬ್-ಡಿಎಲ್ ಅನ್ನುವ ಹಳೆಯ ತಂತ್ರಾಂಶದಿಂದ ಕವಲೊಡೆದದ್ದು. ಬಟನ್ ಗಿಟನ್ ಏನೂ ಇಲ್ಲ, ಟರ್ಮಿನಲ್ ಅನ್ನುವ ಕಪ್ಪು ಕಿಟಕಿಯಲ್ಲಿ ಆದೇಶಗಳನ್ನು ಟೈಪ್ ಮಾಡಬೇಕು. ಎರಡು ದಿನ ಹೆದರಿಕೆ, ಅಷ್ಟೇ.

ತಂತ್ರಾಂಶದ ಹೆಸರು ಬರೆದು, ಹೈಫನ್ ಹಾಕಿ ದೊಡ್ಡಕ್ಷರದ ಎಫ್ ಒತ್ತಿ, ಪಕ್ಕದಲ್ಲಿ ಲಿಂಕ್ ಕೊಟ್ಟರೆ ಆ ವಿಡಿಯೊ ಯಾವ್ಯಾವ ರೂಪದಲ್ಲಿ ಸಿಗುತ್ತದೆ ಅಂತ ಉದ್ದ ಪಟ್ಟಿ ಬರುತ್ತದೆ. ನಾನು ಜಾಣತನ ಮಾಡಿ 1080ಪಿ ಅಂತಿದ್ದ 137ನೇ ನಂಬರ್ ಆರಿಸಿದೆ. ಇಳಿಯಿತು. ಚಿತ್ರ ಕನ್ನಡಿ ಹಾಗೆ. ದನಿ ಮಾತ್ರ ಇಲ್ಲ! ಸ್ಪೀಕರ್ ವಯರ್ ಅಲ್ಲಾಡಿಸಿದೆ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಕೊನೆಗೆ ಪಟ್ಟಿಯನ್ನೇ ಮತ್ತೆ ನೋಡಿದರೆ 137ರ ಮುಂದೆ ‘ವಿಡಿಯೊ ಮಾತ್ರ’ ಅಂತ ಸ್ಪಷ್ಟವಾಗಿ ಬರೆದಿತ್ತು.

ವಿಷಯ ಏನೆಂದರೆ, ಯೂಟ್ಯೂಬಿನಂಥ ತಾಣಗಳು ಚಿತ್ರವನ್ನೂ ದನಿಯನ್ನೂ ಬೇರೆ ಬೇರೆ ಇಟ್ಟಿರುತ್ತವೆ. ನೆಟ್ ನಿಧಾನವಾದರೆ ಚಿತ್ರದ ಗುಣಮಟ್ಟ ಮಾತ್ರ ಇಳಿಸಿ, ದನಿಯನ್ನು ಹಾಗೇ ಓಡಿಸಬಹುದು ಅಲ್ವಾ, ಅದಕ್ಕೆ. ಬ್ರೌಸರ್ ಎರಡನ್ನೂ ಒಟ್ಟಿಗೆ ಓಡಿಸುವುದರಿಂದ ನಮಗೆ ಗೊತ್ತಾಗುವುದಿಲ್ಲ. ಇಳಿಸುವಾಗ 137 ಪ್ಲಸ್ 140 ಅಂತ ಕೊಡಬೇಕು, 140 ಅಂದರೆ ದನಿ. ಎರಡನ್ನೂ ಹೊಲಿಯುವ ದರ್ಜಿ ಎಫ್‌ಎಫ್‌ಎಂಪೆಗ್ ಅನ್ನುವ ಇನ್ನೊಂದು ತಂತ್ರಾಂಶ. ಅದನ್ನು ಬೇರೆಯಾಗಿ ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಎರಡು ಫೈಲು ಹಾಗೇ ಉಳಿಯುತ್ತವೆ. ಹೊಲಿಗೆಗೆ ಕೆಲವು ಸೆಕೆಂಡು ಸಾಕು, ಯಾಕೆಂದರೆ ಚಿತ್ರವನ್ನು ಹೊಸದಾಗಿ ಕುಗ್ಗಿಸುವುದಿಲ್ಲ, ಇದ್ದದ್ದನ್ನು ಒಂದೇ ಡಬ್ಬಿಗೆ ತುಂಬುತ್ತದೆ. ನಿಜ ಹೇಳಬೇಕೆಂದರೆ ನಂಬರ್ ಕೊಡದೆ ಸುಮ್ನೆ ಲಿಂಕ್ ಕೊಟ್ಟಿದ್ದರೆ ಇದೆಲ್ಲ ತಾನೇ ಆಗುತ್ತಿತ್ತು.

ಹಾಗಂತ ಅದರ ಪಾಡಿಗೆ ಬಿಟ್ಟರೆ ನನ್ನ ಹಳೆಯ ಕಂಪ್ಯೂಟರಿಗೆ ಇನ್ನೊಂದು ಕಷ್ಟ. ಅದು ಎವಿ1 ಅನ್ನುವ, ವಿಡಿಯೊ ಕುಗ್ಗಿಸಿಡುವ ಹೊಸ ವಿಧಾನದ್ದನ್ನು ಆರಿಸಿತು. ಫೈಲು ಚಿಕ್ಕದು, ನಿಜ. ಆದರೆ ಓಡಿಸಿದರೆ ಫ್ಯಾನ್ ಭರ್ರೋ ಅಂತ ತಿರುಗುತ್ತದೆ, ಉಳಿ ಮರಕ್ಕೆ ತಾಗುವ ಮೊದಲೇ ಟಕ್ ಅನ್ನುವ ಸದ್ದು ಬಂದಿರುತ್ತದೆ. ಎವಿ1 ಬಿಡಿಸುವ ಸೌಲಭ್ಯ ಹಳೆಯ ಚಿಪ್‌ಗಳಲ್ಲಿ ಇಲ್ಲ, ಎಲ್ಲವೂ ಪ್ರೊಸೆಸರ್ ತಲೆ ಮೇಲೆ. ಎಚ್.264 ಅನ್ನುವ ಹಳೆಯ ವಿಧಾನದ್ದು ತಗೊಂಡ ಮೇಲೆ ತಣ್ಣಗಾಯಿತು. ಈಗ 720ಪಿ ಎಚ್.264 ಬಿಟ್ಟು ಬೇರೆ ಇಳಿಸುವುದೇ ಇಲ್ಲ. ಉಳಿಯ ಓರೆ ಕಾಣೋಕೆ ಅಷ್ಟು ಸಾಕು.

ಅತಿ ಜಾಸ್ತಿ ತಲೆ ತಿಂದದ್ದು ಮಾತ್ರ ಕನ್ನಡದ ಹೆಸರುಗಳು. ಇಂಗ್ಲಿಷ್ ಶೀರ್ಷಿಕೆಯ ವಿಡಿಯೊ ಸಲೀಸಾಗಿ ಇಳಿಯುತ್ತಿತ್ತು, ಕನ್ನಡದ್ದು ‘ಫೈಲ್ ಹೆಸರು ತುಂಬಾ ಉದ್ದ’ ಅಂತ ನಿಂತುಬಿಡುತ್ತಿತ್ತು. ನನ್ನ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದೆ. ಅಲ್ಲಿ ಫೈಲ್ ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ‘ಸ್ಟೂಲ್’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಅದು ಸ, ಹಲಂತ, ಟ, ಕೊಂಬಿನ ದೀರ್ಘ, ಲ, ಮತ್ತೆ ಹಲಂತ. ಒಟ್ಟು ಆರು, ಒಂದೊಂದಕ್ಕೆ 3 ಬೈಟ್, ಅಲ್ಲಿಗೆ 18. ಇಂಗ್ಲಿಷಿನಲ್ಲಿ ಅದೇ ಪದಕ್ಕೆ 5. ಯೂಟ್ಯೂಬ್ ಶೀರ್ಷಿಕೆಗೆ 100 ಚಿಹ್ನೆಗಳವರೆಗೆ ಜಾಗ ಇದೆ, ಕನ್ನಡದಲ್ಲಿ ಅಷ್ಟನ್ನೂ ತುಂಬಿದರೆ ಹತ್ತಿರ ಹತ್ತಿರ 300 ಬೈಟ್. ಹಿಡಿಸುವುದಾದರೂ ಹೇಗೆ?

ಶೀರ್ಷಿಕೆಯನ್ನು 150 ಬೈಟಿಗೆ ಕತ್ತರಿಸು, ಕೊನೆಯಲ್ಲಿ ವಿಡಿಯೊದ 11 ಅಕ್ಷರದ ಐಡಿ ಇರಲಿ ಅಂತ ಸೆಟ್ಟಿಂಗ್ ಫೈಲಿನಲ್ಲಿ ಒಮ್ಮೆ ಬರೆದಿಟ್ಟೆ. ಐಡಿ ಯಾಕೆಂದರೆ, ಮುಂದೊಂದು ದಿನ ಇದು ಯಾವ ಲಿಂಕಿನದ್ದು ಅಂತ ಹುಡುಕೋಕೆ ಅದೊಂದೇ ಆಧಾರ.

ಪೆನ್‌ಡ್ರೈವಿಗೆ ಹಾಕುವಾಗ ಒಂದು ನೋಡಿಕೊಳ್ಳಿ. ಫೈಲುಗಳನ್ನು ಜೋಡಿಸಿಡುವ ಅದರ ಪದ್ಧತಿ ಫ್ಯಾಟ್32 ಆಗಿದ್ದರೆ, ಎಷ್ಟೇ ಜಾಗ ಖಾಲಿ ಇದ್ದರೂ 4 ಜಿಬಿಯ ಒಂದು ಫೈಲು ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ, ಆದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ನನ್ನ ಅಕ್ಕನ ಫೋಟೊಗಳ ಕಥೆ ಇಲ್ಲಿ ಬೇಡ.

ಕೆಲವೊಮ್ಮೆ ನಿನ್ನೆ ಓಡಿದ್ದು ಇವತ್ತು ಓಡುವುದಿಲ್ಲ. ತಾಣದವರು ಒಳಗೆ ಏನೋ ಬದಲಿಸಿರುತ್ತಾರೆ. ನಾನು ಮೊದಲು ವೈಟಿ-ಡಿಎಲ್‌ಪಿಯನ್ನು ಅಪ್‌ಡೇಟ್ ಮಾಡಿ ನೋಡುತ್ತೇನೆ, ಬಹುಪಾಲು ಅಲ್ಲಿಗೇ ಮುಗಿಯುತ್ತದೆ. ಇಳಿಸಿದ ಮೇಲೆ ನೆಟ್ ವಯರ್ ಕಿತ್ತು, ಶುರು, ಮಧ್ಯ, ಕೊನೆ ಮೂರೂ ಕಡೆ ಒಂದೊಂದು ನಿಮಿಷ ಓಡಿಸುತ್ತೇನೆ. ದನಿ ಬಂದರೆ ಮಾತ್ರ ಲಿಂಕನ್ನು ಇಳಿಸಬೇಕಾದವುಗಳ ಪಟ್ಟಿಯಿಂದ ಹೊಡೆದುಹಾಕುವುದು.