ಕೊಂಡುಕುರಿಗೆ ಉಣ್ಣೆ ಇರಲ್ಲ ಮಕ್ಕಳೇ

ವನ್ಯಜೀವಿ ಸಪ್ತಾಹ ಅಂದ್ರೆ ಶಾಲೆಗಳಲ್ಲಿ ಚಿತ್ರ ಸ್ಪರ್ಧೆ ಇದ್ದೇ ಇರುತ್ತದೆ. ನಾನು ಮೊದಲ ಸಲ ಮಾಡಿಸಿದಾಗ ಅರ್ಧಕ್ಕಿಂತ ಜಾಸ್ತಿ ಹಾಳೆಯಲ್ಲಿ ಹುಲಿ, ಅದೂ ಮೊಬೈಲ್ ನೋಡಿ ಬರೆದದ್ದು. ಚೆನ್ನಾಗಿತ್ತು ಅಂತ ಚಪ್ಪಾಳೆ ತಟ್ಟಿದರು, ಮನೆಗೆ ಹೋದರು, ಅಷ್ಟೇ.

ಹಾಗಾಗಿ ಪಕ್ಕದ ಪ್ರಾಣಿಯನ್ನೇ ಆರಿಸಿ. ದಾವಣಗೆರೆಯವರಿಗೆ ಅದು ಕೊಂಡುಕುರಿ, ನಾಲ್ಕು ಕೊಂಬಿನ ಕಾಡುಪ್ರಾಣಿ. ಜಗಳೂರು ತಾಲೂಕಿನ ರಂಗಯ್ಯನದುರ್ಗದಲ್ಲಿ ಇದಕ್ಕಂತಲೇ 2011ರಲ್ಲಿ ವನ್ಯಜೀವಿ ಧಾಮ ಮಾಡಿದ್ದಾರೆ. ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಮೊದಲ ದಿನ ಬಣ್ಣ ಮುಟ್ಟಿಸಬೇಡಿ. ಸುಮ್ನೆ ಮಾತಾಡಿ, ಫೋಟೋ ತೋರಿಸಿ. ಇಲ್ಲದಿದ್ದರೆ ಹೆಸರಲ್ಲಿ ಕುರಿ ಇದೆ ಅಂತ ಮೈತುಂಬ ಉಣ್ಣೆ ಬರೆದು, ಕೊರಳಿಗೆ ಗಂಟೆಯನ್ನೂ ಕಟ್ಟುತ್ತಾರೆ! ಇದು ಕುರಿಯಲ್ಲ, ಜಿಂಕೆಯೂ ಅಲ್ಲ, ಎರಡಡಿ ಎತ್ತರದ ಪುಟ್ಟ ಹುಲ್ಲೆ. ನಾಲ್ಕು ಕೊಂಬು ಗಂಡಿಗೆ ಮಾತ್ರ. ಕಿವಿಯ ಹತ್ತಿರ ಎರಡು ಉದ್ದ, ಹಣೆ ಮೇಲೆ ಎರಡು ಮೋಟು. ಒಬ್ಬ ಹುಡುಗಿ ತಾಯಿಗೂ ಕೊಂಬು ಬರೆದಿದ್ದಳು, ಹೇಳಿದ ಮೇಲೆ ಅಳಿಸಿ ಅಲ್ಲೇ ಎರಡು ದೊಡ್ಡ ಕಿವಿ ಇಟ್ಟಳು. ಆ ಚಿತ್ರವೇ ಎಲ್ಲಕ್ಕಿಂತ ಜೀವಂತವಾಗಿತ್ತು. ಹಿಂಡು ಬರೆಸಬೇಡಿ, ಇದು ಹೆಚ್ಚಾಗಿ ಒಂಟಿಯಾಗಿ ಓಡಾಡುವ ಪ್ರಾಣಿ.

ಆಮೇಲೆ ಅದರ ಕಷ್ಟ ಏನು ಅಂತ ಮಕ್ಕಳನ್ನೇ ಕೇಳಿ. ಎತ್ತರದ ಹುಲ್ಲಲ್ಲಿ ಅಡಗಿ ಬದುಕುವ ಪ್ರಾಣಿಗೆ ಯಾರೋ ಬೀಡಿ ಎಸೆದು ಬೆಂಕಿ ಬಿದ್ದರೆ ಏನಾಗುತ್ತೆ, ಆಗಾಗ ನೀರು ಬೇಕೇ ಬೇಕಾದ ಅದಕ್ಕೆ ಬೇಸಿಗೆಯಲ್ಲಿ ಹೊಂಡ ಒಣಗಿದರೆ, ನೀರು ಹುಡುಕಿ ಬಂದಾಗ ಊರ ನಾಯಿಗಳು ಅಟ್ಟಿಸಿಕೊಂಡು ಬಂದರೆ? ಚಿತ್ರ ಇಲ್ಲಿಂದ ಹುಟ್ಟಬೇಕು. ಕೆಳಗೆ ಒಂದೇ ಸಾಲು, ಮಗುವಿನ ಮಾತಲ್ಲೇ. 'ಪರಿಸರ ಉಳಿಸಿ' ಬೇಡ, ಅದನ್ನು ಯಾರೂ ಓದಲ್ಲ. 'ನಿಮ್ಮ ನಾಯಿ ಕಟ್ಟಿಹಾಕಿ' ಅಂದ್ರೆ ಓದುತ್ತಾರೆ.

ಶಾಲೆಯ ಗೋಡೆಗೆ ಅಂಟಿಸಿದರೆ ನೋಡುವವರು ಮೇಷ್ಟ್ರು ಮಾತ್ರ. ಬೆಣ್ಣೆ ದೋಸೆ ಹೋಟೆಲ್, ಹಾಲಿನ ಡೇರಿ, ಜಗಳೂರು ಬಸ್ಸು ನಿಲ್ಲುವ ಜಾಗ, ಹೀಗೆ ಜನ ಕಾಯುತ್ತಾ ನಿಲ್ಲುವ ಕಡೆ ಕೇಳಿಕೊಂಡು ಹಾಕಿ. ದೋಸೆ ಬರೋವರೆಗೆ ಕಣ್ಣಿಗೂ ಕೆಲಸ ಬೇಕಲ್ವಾ? ಮಕ್ಕಳ ಕಣ್ಣೆತ್ತರಕ್ಕಲ್ಲ, ಕೂತವರ ಕಣ್ಣೆತ್ತರಕ್ಕೆ.

ಸಪ್ತಾಹ ಅಕ್ಟೋಬರ್ 2ರಿಂದ 8. ಎಷ್ಟೋ ಸಲ ಅದೇ ಹೊತ್ತಿಗೆ ದಸರಾ ರಜೆ ಬರುತ್ತೆ, ಸೆಪ್ಟೆಂಬರಲ್ಲೇ ಶುರು ಮಾಡಿ. ಹಾಳೆಯ ಹಿಂದೆ ಹೆಸರು, ತರಗತಿ ಬರೆಸಿಟ್ಟುಕೊಳ್ಳಿ, ನಮ್ ಚಿತ್ರ ಎಲ್ಲಿ ಅಂತ ಕೇಳಿಕೊಂಡು ಬಂದೇ ಬರುತ್ತಾರೆ.