ಗುವಾಹಟಿಯಿಂದ ತವಾಂಗ್ ಮಠಕ್ಕೆ ಕಾರಿನಲ್ಲಿ

ಅರುಣಾಚಲ ಪ್ರದೇಶದ ತವಾಂಗ್‌ಗೆ ಹೊರಡುವವರು ಹೆಚ್ಚಾಗಿ ಎಡವುವುದು ದಿನಗಳ ಲೆಕ್ಕದಲ್ಲಿ. ಗುವಾಹಟಿಯಿಂದ ದೂರ ಹೆಚ್ಚುಕಡಿಮೆ ಬೆಂಗಳೂರು–ಬೆಳಗಾವಿಯಷ್ಟೇ. ಒಂದೇ ದಿನದಲ್ಲಿ ಮುಗಿಸಬಹುದು ಅನ್ನಿಸುತ್ತದೆ. ಆದರೆ ಬ್ರಹ್ಮಪುತ್ರದ ಬಯಲಿನಿಂದ ಹೊರಟ ರಸ್ತೆ ಸುಮಾರು 4,170 ಮೀಟರ್ ಎತ್ತರದ ಸೇಲಾ ಪಾಸ್ ಏರಿ, ಮತ್ತೆ 3,000 ಮೀಟರ್ ಆಸುಪಾಸಿನ ತವಾಂಗ್‌ಗೆ ಇಳಿಯಬೇಕು. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ದಾರಿಯಲ್ಲಿ ಸಿಗುವ ಬೊಮ್ಡಿಲಾ ಪೇಟೆಯೇ ಅದಕ್ಕಿಂತ ಮೇಲಿದೆ. ಹೋಗಲು ಮೂರು ದಿನ, ಅಲ್ಲಿ ಎರಡು, ಬರಲು ಎರಡು: ಒಟ್ಟು ಏಳು ದಿನ ಇಟ್ಟುಕೊಳ್ಳಿ.

ಅಕ್ಟೋಬರ್, ನವೆಂಬರ್ ಎಲ್ಲಕ್ಕಿಂತ ಒಳ್ಳೆಯದು, ಆಕಾಶ ತಿಳಿಯಾಗಿರುತ್ತದೆ. ಏಪ್ರಿಲ್ ಕೊನೆಗೆ ಹೋದರೆ ಏರಿನುದ್ದಕ್ಕೂ ರೋಡೊಡೆಂಡ್ರಾನ್ ಹೂವು ಸಿಗಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕುಸಿತದ ಕಾಟ.

ಅರುಣಾಚಲಕ್ಕೆ ಹೊರಗಿನ ಭಾರತೀಯರಿಗೆ ಇನ್ನರ್ ಲೈನ್ ಪರ್ಮಿಟ್ ಕಡ್ಡಾಯ. ಆನ್‌ಲೈನಿನಲ್ಲಿ ಫೋಟೊ, ಗುರುತಿನ ಚೀಟಿ ಹಾಕಿ ಮೊದಲೇ ಪಡೆದು, ಎರಡು ಮೂರು ಪ್ರಿಂಟ್ ಇಟ್ಟುಕೊಳ್ಳಿ. ಅಸ್ಸಾಂ ಗಡಿಯ ಭಾಲುಕ್‌ಪೊಂಗ್ ಗೇಟಿನಲ್ಲಿ ನೋಡುತ್ತಾರೆ. ಕಾರು ಬಾಡಿಗೆಯದಾದರೆ ಅರುಣಾಚಲಕ್ಕೆ ಒಯ್ಯಲು ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ತವಾಂಗ್‌ನಿಂದಾಚೆ ಚೀನಾ ಗಡಿಯಲ್ಲಿರುವ ಬೂಮ್ ಲಾಗೆ ಬೇರೆಯೇ ಅನುಮತಿ ಬೇಕು, ಅದನ್ನು ತವಾಂಗ್ ತಲುಪಿದ ಮೇಲೆ ಮಾಡಿಸಬೇಕು.

ಕಾರು ಆರಿಸುವಾಗ ಟರ್ಬೊ ಡೀಸೆಲ್‌ಗೆ ಆದ್ಯತೆ ಕೊಡಿ. ಸೇಲಾದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಶಕ್ತಿಯೂ ಅಷ್ಟೇ ತಗ್ಗುತ್ತದೆ. ನಾಲ್ಕು ಜನ, ತುಂಬಿದ ಡಿಕ್ಕಿ ಇದ್ದರೆ ಹೇರ್‌ಪಿನ್‌ಗಳಲ್ಲಿ ಒಂದನೇ ಗೇರೇ ಗತಿ. ಟೈರಿನ ಗಾಳಿ ಬಗ್ಗೆ ಗಾಬರಿ ಬೇಡ: ಎತ್ತರಕ್ಕೆ ಹೋದಂತೆ ಗೇಜ್‌ನಲ್ಲಿ ಐದಾರು ಪಿಎಸ್‌ಐ ಏರಬೇಕು, ಚಳಿಗೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಮೇಲೆ ನಿಲ್ಲಿಸಿ ಗಾಳಿ ಬಿಟ್ಟರೆ ಆ ಚಳಿಯಲ್ಲೇ ಟೈರು ಸೊರಗುತ್ತದೆ. ಬಯಲಿನಲ್ಲೇ ಟ್ಯಾಂಕ್ ತುಂಬಿಸಿ, ಬೊಮ್ಡಿಲಾದಲ್ಲಿ ಮತ್ತೆ ತುಂಬಿಸಿ. ನಗದು ಜೊತೆಗಿರಲಿ.

ಮೊದಲ ದಿನ ಭಾಲುಕ್‌ಪೊಂಗ್. ಎರಡನೇ ದಿನ ಸುಮಾರು 100 ಕಿ.ಮೀ. ಏರಿ ಬೊಮ್ಡಿಲಾ. ದಿರಾಂಗ್ ಇನ್ನೂ 40 ಕಿ.ಮೀ. ಮುಂದಿದೆ, ಬೆಚ್ಚಗಿದೆ ಎಂದು ಅನೇಕರು ಅಲ್ಲೇ ತಂಗುತ್ತಾರೆ. ಆದರೆ ಅದು ತಗ್ಗಿನಲ್ಲಿದೆ. ಬೊಮ್ಡಿಲಾದ 2,400 ಮೀಟರಿನಲ್ಲಿ ಒಂದು ರಾತ್ರಿ ಮಲಗಿದ ದೇಹ ಮರುದಿನದ ಎತ್ತರವನ್ನು ಚೆನ್ನಾಗಿ ತಾಳುತ್ತದೆ.

ಮೂರನೇ ದಿನವೇ ನಿಜವಾದ ಪ್ರಯಾಣ. ಬೆಳಗಿನ ಆರಕ್ಕೆ ಹೊರಡಿ. ಇಲ್ಲಿ ಸೂರ್ಯ ನಮ್ಮಲ್ಲಿಗಿಂತ ಬೇಗ ಮುಳುಗುತ್ತಾನೆ, ಚಳಿಗಾಲದಲ್ಲಿ ಐದಕ್ಕೆ ಮೊದಲೇ ಕತ್ತಲು. ದಿರಾಂಗ್ ದಾಟಿದ ಮೇಲೆ ಏರು ಬಿಡುವುದೇ ಇಲ್ಲ. 2024ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಸೇಲಾ ಸುರಂಗದಿಂದ ಪಾಸ್ ಹತ್ತದೆಯೇ ಆಚೆ ದಾಟಬಹುದು. ಹಿಮ, ಮಂಜು, ಮಳೆ ಯಾವುದಿದ್ದರೂ ಸುರಂಗವನ್ನೇ ಹಿಡಿಯಿರಿ. ಆಕಾಶ ತಿಳಿಯಾಗಿದ್ದರೆ ಮಾತ್ರ ಹಳೆಯ ರಸ್ತೆ. ಸೇಲಾ ಸರೋವರ ಕಾಣುವುದು ಅಲ್ಲಿಂದಲೇ. ಬಿಸಿಲು ಬೀಳದ ತಿರುವಿನಲ್ಲಿ ರಸ್ತೆ ಬರೀ ಒದ್ದೆಯಂತೆ ಕಾಣುವುದು ತೆಳು ಮಂಜುಗಡ್ಡೆಯೂ ಆಗಿರಬಹುದು. ಅಲ್ಲಿ ಬ್ರೇಕ್ ಒತ್ತಬೇಡಿ. ಮೊದಲೇ ವೇಗ ಇಳಿಸಿ, ಎರಡನೇ ಗೇರಿನಲ್ಲಿ ಸ್ಟೀರಿಂಗ್ ಅಲುಗಿಸದೆ ದಾಟಿ.

ಪಾಸ್‌ನಲ್ಲಿ ಇಪ್ಪತ್ತು ನಿಮಿಷ ಸಾಕು. ಓಡಬೇಡಿ, ಮಕ್ಕಳನ್ನೂ ಓಡಲು ಬಿಡಬೇಡಿ. ತಲೆನೋವು, ವಾಕರಿಕೆ ಶುರುವಾದರೆ ಅಲ್ಲಿ ಕುಳಿತು ಸುಧಾರಿಸಿಕೊಳ್ಳುವ ಯೋಚನೆ ಬೇಡ, ಕೂಡಲೇ ಇಳಿಯಿರಿ. ಮುಂದೆ ತವಾಂಗ್ ದಾರಿಯಲ್ಲಿರುವ ಜಾಂಗ್ ಊರಿನ ಕಡೆಗೆ ಇಳಿದರೂ ಸರಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಹೊರಡುವ ಮೊದಲು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಸಲ್ಫಾ ಔಷಧಿಯ ಅಲರ್ಜಿ ಇದ್ದವರಂತೂ ಅದನ್ನು ಹೇಳಲೇಬೇಕು.

ಇಳಿಜಾರಿನಲ್ಲಿ ಕೆಡುವುದು ಬ್ರೇಕು. ಕಾಲು ಪೆಡಲ್ ಮೇಲೇ ಇದ್ದರೆ ಪ್ಯಾಡ್ ಕಾದು, ಬ್ರೇಕ್ ಆಯಿಲ್ ಕುದಿದು, ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಏರುವಾಗ ಹಾಕಿದ ಗೇರಿನಲ್ಲೇ ಇಳಿಯಿರಿ. ಸುಟ್ಟ ವಾಸನೆ ಬಂದರೆ ಅರ್ಧ ಗಂಟೆ ನಿಲ್ಲಿಸಿ, ಚಕ್ರಕ್ಕೆ ನೀರು ಹಾಕಬೇಡಿ. ಕಾದ ಡಿಸ್ಕ್ ಡೊಂಕಾಗುತ್ತದೆ. ಸೇನೆಯ ಟ್ರಕ್ಕುಗಳ ಸಾಲು ಬಂದರೆ ಗುಡ್ಡದ ಮಗ್ಗುಲಿಗೆ ಸರಿದು ಪೂರ್ತಿ ಹೋಗಲು ಬಿಡಿ, ಕಂದಕದ ಅಂಚಿಗೆ ಎಂದೂ ಬೇಡ. ಜಾಂಗ್ ಬಳಿಯ ನುರಾನಾಂಗ್ ಜಲಪಾತಕ್ಕೆ ಒಂದು ಗಂಟೆ ಕೊಡಿ. ಅಲ್ಲಿಂದ ತವಾಂಗ್ ಸುಮಾರು 40 ಕಿ.ಮೀ.

ಅಂದೇ ಮಠಕ್ಕೆ ಹೋಗಬೇಡಿ. ಬಿಸಿ ಥುಕ್ಪಾ (ನೂಡಲ್ ಸೂಪು) ಕುಡಿದು ಮಲಗಿ, ಮರುದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹೋಗಿ. ಐದನೇ ದಲೈ ಲಾಮಾ ಅವರ ಇಚ್ಛೆಯಂತೆ ಮೇರಾಕ್ ಲಾಮಾ ಲೋದ್ರೆ ಗ್ಯಾತ್ಸೊ 1680–81ರಲ್ಲಿ ಕಟ್ಟಿಸಿದ ಮಠವಿದು. ಜಾಗ ತೋರಿಸಿದ್ದು ಅವರ ಕುದುರೆ ಎಂಬುದು ಐತಿಹ್ಯ. 'ತಾ' ಎಂದರೆ ಕುದುರೆ, 'ವಾಂಗ್' ಎಂದರೆ ಆರಿಸಿದ್ದು. ಕಾಕಾಲಿಂಗ್ ದ್ವಾರದೊಳಗೆ ನಿಂತು ಮೇಲೆ ನೋಡಿ, ಚಾವಣಿಯ ಮಂಡಲ ಚಿತ್ರಗಳನ್ನು ಅವಸರದಲ್ಲಿ ಹಲವರು ಗಮನಿಸುವುದೇ ಇಲ್ಲ. ಪ್ರದಕ್ಷಿಣೆ ಬಲಕ್ಕೆ. ದುಖಾಂಗ್ (ಪ್ರಾರ್ಥನಾ ಸಭಾಂಗಣ) ಒಳಗೆ ಹೋಗುವಾಗ ಬೂಟು, ಟೋಪಿ ಹೊರಗೆ. ಸಾಲಾಗಿ ಕುಳಿತ ಭಿಕ್ಷುಗಳ ನಡುವೆ ಹಾಯಬೇಡಿ, ಗೋಡೆಗುಂಟ ನಡೆಯಿರಿ. ಫೋಟೊ ಕೇಳಿಯೇ ತೆಗೆಯಿರಿ. ಈ ಮಠ ಟಿಬೆಟ್‌ನ ಲಾಸಾದ ಡ್ರೆಪುಂಗ್ ಮಠದ ನಂಟಿನದು. ಅದೇ ಡ್ರೆಪುಂಗ್ 1959ರ ನಂತರ ಮತ್ತೆ ನೆಲೆನಿಂತದ್ದು ನಮ್ಮ ಮುಂಡಗೋಡಿನಲ್ಲಿ. ಕರ್ನಾಟಕದಿಂದ ಬಂದವರೆಂದು ಹೇಳಿ ನೋಡಿ, ಮಾತು ತಾನಾಗಿ ಬೆಳೆಯುತ್ತದೆ.

ಮರಳುವ ದಿನವೂ ಬೆಳಗ್ಗೆಯೇ ಹೊರಟು ಮಧ್ಯಾಹ್ನಕ್ಕೆ ಮೊದಲು ಸೇಲಾ ದಾಟಿ. ಆಮೇಲೆ ಕೆಳಗಿನ ಕಣಿವೆಯಿಂದ ಮೋಡ ಮೇಲೇರಿ ರಸ್ತೆ ಮುಚ್ಚಿಬಿಡುತ್ತದೆ.